‘ಸರ್ಚ್ ಸೊಲ್ಯೂಷನ್’, ‘ಸ್ಟೆಮಿಂಗ್’: ತೋಟದವರಿಗೆ ತಿಳಿಯುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ,

ಸಾಗರದ ಕಡೆಯ ಅಡಿಕೆ ಬೆಳೆಗಾರರ ಜಾಲತಾಣವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಜಾಲತಾಣ ಕಟ್ಟುವ ತಂತ್ರಾಂಶವಾದ ದ್ರುಪಾಲ್‌ನಲ್ಲಿ ಕಟ್ಟಿದ್ದು. ಧಾರಣೆ, ಕೊಳೆ ರೋಗ, ಎಲೆಚುಕ್ಕೆ ರೋಗ, ಹಳೆಯ ಲೇಖನಗಳು ಎಲ್ಲಾ ಅದರಲ್ಲಿವೆ. ಪುಟಗಳು ಜಾಸ್ತಿಯಾಗಿ ಬೇಕಾದದ್ದು ಸಿಗುತ್ತಿಲ್ಲ. ಹುಡುಕುವ ವ್ಯವಸ್ಥೆ ಬದಲಿಸಬೇಕು. ಯಾವುದನ್ನು ಹಾಕಿಕೊಳ್ಳೋಣ ಅಂತ ಕಮಿಟಿಗೆ ಒಂದು ಟಿಪ್ಪಣಿ ಕೊಡಬೇಕು, ಅದೂ ಕನ್ನಡದಲ್ಲಿ. ಕಮಿಟಿಯಲ್ಲಿ ಇರುವವರೆಲ್ಲ ತೋಟದವರು. ಅವರಿಗೆ ತಿಳಿಯುವ ಪದ ಬೇಕು, ಅದಕ್ಕೇ ಈ ಪತ್ರ.

ಮೊದಲನೆಯದು ‘ಸರ್ಚ್ ಸೊಲ್ಯೂಷನ್’. ಕಂಪನಿಯೊಂದು ಕಳಿಸಿದ ಕೊಟೇಶನ್‌ನಲ್ಲಿ ಅದು ‘ಶೋಧ ಪರಿಹಾರ’ ಆಗಿದೆ. ಮಲೆನಾಡಿನಲ್ಲಿ ಪರಿಹಾರ ಅಂದರೆ ಸರ್ಕಾರ ಕೊಡಬೇಕಾದ ದುಡ್ಡು. ಮಳೆಗೆ ಫಸಲು ಹೋದರೆ ಬೆಳೆ ಪರಿಹಾರ, ಗೋಡೆ ಕುಸಿದರೆ ಮನೆ ಪರಿಹಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವಲ್ಲ, ಅಲ್ಲಿಂದ ಎದ್ದು ಬಂದ ಮನೆಗಳಲ್ಲಂತೂ ಈ ಪದವನ್ನು ಸುಮ್ನೆ ಬಾಯಿಗೆ ತರುವ ಹಾಗಿಲ್ಲ. ‘ಶೋಧ’ವೂ ಅಷ್ಟೇ. ಮಳೆಗಾಲದ ಪೇಪರಿನಲ್ಲಿ ಹೊಳೆಯಲ್ಲಿ ಕೊಚ್ಚಿಹೋದವರಿಗಾಗಿ ಶೋಧ, ಉಳಿದ ದಿನ ತೆರಿಗೆಯವರ ಶೋಧ. ಎರಡನ್ನೂ ಸೇರಿಸಿ ಓದಿದ ಹಿರಿಯರೊಬ್ಬರು ‘ಇದು ಯಾರಿಗೆ ಬರೋ ದುಡ್ಡು ಮಾರಾಯ?’ ಎಂದು ಕೇಳಿದರು.

ನನ್ನ ಕೇಳಿದರೆ, ‘ಸೊಲ್ಯೂಷನ್’ ಮಾರುವವರ ಪದ. ಅದನ್ನು ಕನ್ನಡಕ್ಕೆ ತರುವ ಗೋಜೇ ಬೇಡ. ‘ಹುಡುಕುವ ಏರ್ಪಾಡು’ ಅಂದರೆ ಸಾಕು ಅಲ್ವಾ? ಬಟನ್ ಮೇಲೆ ‘ಹುಡುಕಿ’. ಏನೂ ಸಿಗದಿದ್ದರೆ ‘ಯಾವುದೇ ಫಲಿತಾಂಶವಿಲ್ಲ’ ಅಂತ ಬರೆಯುವ ಬದಲು ‘ಏನೂ ಸಿಗಲಿಲ್ಲ’. ಫಲಿತಾಂಶ ಎಸ್ಸೆಸ್ಸೆಲ್ಸಿಯವರಿಗೆ ಇರಲಿ.

ನಿಜವಾಗಿ ತಲೆ ತಿಂದದ್ದು ‘ಸ್ಟೆಮಿಂಗ್’, ಅಂದರೆ ಪದದ ಕೊನೆಗೆ ಹತ್ತಿದ ಬಾಲ ಕಳೆದು ಮೂಲ ಪದವನ್ನು ಹಿಡಿಯುವುದು. ಯಾವ ಏರ್ಪಾಡು ಬೇಕು ಅನ್ನುವುದೇ ಇದರ ಮೇಲೆ ನಿಂತಿರುವುದರಿಂದ ಟಿಪ್ಪಣಿಯಲ್ಲಿ ಬಿಡುವ ಹಾಗೂ ಇಲ್ಲ. ದ್ರುಪಾಲ್ ಜೊತೆಗೇ ಬರುವ ಹುಡುಕಾಟ ಇಡೀ ಪದವನ್ನು ತಾಳೆ ನೋಡುತ್ತದೆ. ‘ಅಡಿಕೆ’ ಎಂದು ಕೊಟ್ಟರೆ, ಬರೀ ‘ಅಡಿಕೆಗೆ’, ‘ಅಡಿಕೆಯಲ್ಲಿ’ ಎಂದಿರುವ ಪುಟ ಬರುವುದಿಲ್ಲ. ಇಂಗ್ಲಿಷಿನಲ್ಲಿ ಪದದ ಬಾಲ ಚಿಕ್ಕದು, ಹೇಗೋ ನಡೆದೀತು. ನಮ್ಮ ‘ಮರ’ವನ್ನು ನೋಡಿ: ಮರವನ್ನು, ಮರಕ್ಕೆ, ಮರದಿಂದ, ಮರಗಳಲ್ಲೂ. ಹಾಗಂತ ವರ್ಡ್‌ಪ್ರೆಸ್ ಮಾಡುವಂತೆ ಈ ಅಕ್ಷರಗಳು ಎಲ್ಲಿದ್ದರೂ ಹಿಡಿ ಅಂದರೆ ‘ಅಮರ’, ‘ಸಮರ’, ‘ಕ್ಯಾಮರಾ’ ಎಲ್ಲವೂ ಬಂದು ಕೂರುತ್ತವೆ. ಪದದ ಮೊದಲಿಂದ ಮಾತ್ರ ತಾಳೆ ನೋಡು ಅಂದರೆ ಅಮರ ಹೋಗುತ್ತಾನೆ, ‘ಮರಳು’, ‘ಮರಣ’ ಉಳಿಯುತ್ತವೆ.

ಕಂಪನಿಯವರು ಹೇಳುತ್ತಿರುವುದು ಸೋಲಾರ್ ಅಲ್ಲ, ಸೋಲರ್ (ಕಮಿಟಿಯಲ್ಲಿ ಇದೂ ಒಂದು ಗೊಂದಲ, ಚಾವಣಿ ಮೇಲೆ ಹಾಕುವುದಾ ಅಂತ). 2004ರಲ್ಲಿ ಸಿನೆಟ್ ಕಂಪನಿಯೊಳಗೆ ಶುರುವಾಗಿ 2006ರಲ್ಲಿ ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಗೆ ಸೇರಿದ, ಹುಡುಕುವ ಕೆಲಸದ ತಂತ್ರಾಂಶ. ಇದರಲ್ಲಿ ಪ್ರತಿ ಭಾಷೆಗೂ ಬೇರೆ ಬೇರೆ ನಿಯಮ ಕೊಡಬಹುದು. ಇದರ ಅಡಿಯಲ್ಲಿ ಕೆಲಸ ಮಾಡುವ ಲೂಸೀನ್ ಎಂಬ ತಂತ್ರಾಂಶದಲ್ಲಿ ಹಿಂದಿ, ಬಂಗಾಳಿ, ತಮಿಳು, ತೆಲುಗಿಗೆ ನಿಯಮಗಳು ಸಿದ್ಧವಾಗಿವೆ. ಕನ್ನಡದ ಪ್ರತ್ಯಯಗಳ ಪಟ್ಟಿಯನ್ನು ನಾವೇ ಬರೆದು ಕೊಡಬೇಕು. ಜೊತೆಗೆ ಜಾವಾ ಓಡುವ ಸರ್ವರ್ ಬೇಕು, ನಮ್ಮ ಅಗ್ಗದ ಹೋಸ್ಟಿಂಗ್‌ನಲ್ಲಿ ಅದು ಆಗದ ಮಾತು. ಸದ್ಯಕ್ಕೆ ದ್ರುಪಾಲ್‌ನ ಸರ್ಚ್ ಎಪಿಐ ಅನ್ನುವ ಹುಡುಕಾಟದ ಮಾಡ್ಯೂಲ್ ಹಾಕಿ, ಇರುವ ಡೇಟಾಬೇಸ್‌ನಲ್ಲೇ ನಡೆಸೋಣ ಅನ್ನುವ ಕಡೆಗೆ ನನ್ನ ಮನಸ್ಸು ವಾಲಿದೆ. ಮುಂದೆ ಸೋಲರ್ ಬೇಕೆಂದರೂ ಸರ್ಚ್ ಎಪಿಐ ಹಾಗೇ ಉಳಿಯುತ್ತದೆ.

ಸರಿ, ಈ ಬಾಲ ಕಳೆಯುವ ಕೆಲಸಕ್ಕೆ ಏನನ್ನೋಣ? ಶಾಲೆಯ ವ್ಯಾಕರಣದಲ್ಲಿ ನಾಮಪ್ರಕೃತಿಗೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ, ಹಾಗಾಗಿ ‘ಪ್ರಕೃತಿ ಗುರುತಿಸುವುದು’ ಅನ್ನಬಹುದು. ಆದರೆ ಪಶ್ಚಿಮಘಟ್ಟದಲ್ಲಿ ಕೂತು ಪ್ರಕೃತಿ ಅಂದರೆ ಯಾರಾದರೂ ಕಾಡಿನ ಕಡೆ ನೋಡುತ್ತಾರೆ. ‘ಬೇರುಪದ’ ಅಂದರೆ ನಮ್ಮವರಿಗೆ ಬೇರುಹುಳ ನೆನಪಾಗುತ್ತದೆ. ಆಫೀಸಿನ ಹುಡುಗಿಯೊಬ್ಬಳು ‘ಪದ ಸುಲಿಯೋದು ಅನ್ನಿ ಸರ್’ ಅಂದಳು. ಸಿಪ್ಪೆ ತೆಗೆದರೆ ಒಳಗಿನ ಅಡಿಕೆ ಸಿಗುವ ಹಾಗೆ. ಇಷ್ಟು ಚೆನ್ನಾಗಿ ಹೊಂದುವ ಪದ ನನಗೆ ಬೇರೆ ಹೊಳೆದಿಲ್ಲ. ‘ಸುಲಿಗೆ’ ಒಂದು ಅಡ್ಡ ಬರದಿದ್ದರೆ ಅದನ್ನೇ ಹಾಕುತ್ತಿದ್ದೆ. ಈಗ ‘ಪ್ರತ್ಯಯ ಬಿಡಿಸುವುದು’ ಎಂದು ಬರೆದಿಟ್ಟಿದ್ದೇನೆ. ನಿಮಗೆ ಹೇಗನ್ನಿಸುತ್ತದೆ?

‘ಫೇಸೆಟ್’ ಅಷ್ಟು ಕಷ್ಟವಿಲ್ಲ. ಪುಟದ ಪಕ್ಕದಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆಗಳನ್ನು ತೋರಿಸಿ, ಒತ್ತಿದರೆ ಅಷ್ಟೇ ಪುಟ ಉಳಿಸುವುದು. ‘ಬಗೆ’ ಅಂತ ಹಾಕಿದ್ದೇನೆ. ‘ಇಂಡೆಕ್ಸ್’ಗೆ ‘ಪದಸೂಚಿ’.

ಕೊನೆಯದು ‘ಸಿನೊನಿಮ್ ಲಿಸ್ಟ್’. ಯಾರಾದರೂ ‘ಅಡಕೆ’ ಎಂದು ಬರೆದರೂ ‘ಅಡಿಕೆ’ ಸಿಗಬೇಕು. ‘ಮಹಾಳಿ’ ಅಂದರೆ ಕೊಳೆ ರೋಗದ ಪುಟ ಬರಬೇಕು, ‘ಕೊಳೆರೋಗ’ ಎಂದು ಕೂಡಿಸಿ ಬರೆದರೂ ಬರಬೇಕು. ‘ಮೈಲುತುತ್ತ’ ಎಂದು ಹುಡುಕಿದವರಿಗೆ ಬೋರ್ಡೋ ದ್ರಾವಣ ತೋರಿಸಬೇಕು. ಇದನ್ನು ‘ಸಮಾನಾರ್ಥಕ ಪಟ್ಟಿ’ ಅನ್ನಲು ಮನಸ್ಸು ಬರುತ್ತಿಲ್ಲ. ಮೊದಲನೆಯದು ಬರೀ ಕಾಗುಣಿತದ ವ್ಯತ್ಯಾಸ, ಕೊನೆಯದರಲ್ಲಿ ಅರ್ಥ ಒಂದೇ ಅಲ್ಲ: ಮೈಲುತುತ್ತಕ್ಕೆ ಸುಣ್ಣ ಸೇರಿದ ಮೇಲಷ್ಟೇ ಬೋರ್ಡೋ. ‘ಜೋಡಿಪದ’ ಅನ್ನೋಣ ಅಂದರೆ ಅದು ವ್ಯಾಕರಣದಲ್ಲಿ ಬೇರೆಯದೇ. ತಾಣ ನಡೆಸುವವರು, ನಿಘಂಟು ಕೆಲಸ ಮಾಡುವವರು ನಿಮ್ಮಲ್ಲಿ ಇದಕ್ಕೆ ಏನನ್ನುತ್ತೀರಿ? ಅಡಿಕೆ ರೋಗಗಳಿಗೆ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ, ಪಟ್ಟಿಗೆ ಸೇರಿಸುತ್ತೇನೆ.