ಅಪ್‌ಡೇಟ್: ವ್ಯಾನ್‌ಗೆ ಫ್ರಿಜ್ ಕೂರಿಸಿದೆವು

ಟೆಂಪೋ ಟ್ರಾವೆಲರ್ ಅನ್ನು ಕ್ಯಾಂಪರ್‌ವ್ಯಾನ್ (ಒಳಗೇ ಉಳಿದುಕೊಂಡು ಸುತ್ತಾಡುವ ಗಾಡಿ) ಮಾಡುತ್ತಿದ್ದೇವೆ, ಯಾವ ಫ್ರಿಜ್ ಒಳ್ಳೆಯದು ಅಂತ ಕೇಳಿದ್ದೆ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ ತಗೊಂಡೆವು. 40 ಲೀಟರ್, ಮೇಲೆ ಮುಚ್ಚಳ ಇರುವಂಥದ್ದು. ತೆರೆದಾಗ ತಂಪು ಜಾಸ್ತಿ ಸೋರಿ ಹೋಗುವುದಿಲ್ಲ.

ಅಡುಗೆ ಗ್ಯಾಸ್ ಉರಿಸಿ ನಡೆಯುವ ಗ್ಯಾಸ್ ಫ್ರಿಜ್ ಸದ್ದೇ ಮಾಡುವುದಿಲ್ಲ, ಅದು ನನಗೆ ತುಂಬಾ ಇಷ್ಟ. ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು. ಮಲೆನಾಡಿನ ಇಳಿಜಾರಲ್ಲಿ ಅಂಥ ಜಾಗ ಎಲ್ಲಿ ಹುಡುಕೋದು? ಅಗ್ಗದ ಥರ್ಮೋಎಲೆಕ್ಟ್ರಿಕ್ ಡಬ್ಬಿಯೂ (ಕಂಪ್ರೆಸರ್ ಇಲ್ಲದೆ ಕರೆಂಟಿನಿಂದ ತಂಪು ಮಾಡುವಂಥದ್ದು) ಬೇಡವೆನಿಸಿತು. ಅದು ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿಯಷ್ಟೇ ಇಳಿಸುತ್ತದೆ. ರಾಯಚೂರಿನ 40 ಡಿಗ್ರಿಯಲ್ಲಿ ಒಳಗೆ 20 ಅಂದರೆ ಹಾಲು ಕೆಡುತ್ತದೆ ಅಲ್ವಾ?

ಕರೆಂಟಿನ ಲೆಕ್ಕ ಹೀಗಿದೆ. ಕಂಪ್ರೆಸರ್ ಓಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ, ಆದರೆ ಬಿಟ್ಟು ಬಿಟ್ಟು ಓಡುತ್ತದೆ. ಅರ್ಧ ಹೊತ್ತು ಓಡಿದರೂ ದಿನಕ್ಕೆ 540 ವ್ಯಾಟ್-ಅವರ್. ನಮ್ಮ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇದೆ. ಅಂದರೆ ಬಿಸಿಲೇ ಇಲ್ಲದೆ ಸೋಲಾರ್‌ನಿಂದ ಚಾರ್ಜ್ ಆಗದಿದ್ದರೂ ಎರಡು ದಿನ ನಡೆಯುತ್ತದೆ.

ನೀವೂ ಹಾಕಿಸುವುದಾದರೆ ದಪ್ಪ ವೈರ್ ಹಾಕಿಸಿ. ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದು, ಬ್ಯಾಟರಿ ತುಂಬಿದ್ದರೂ ಫ್ರಿಜ್ ಆಫ್ ಆಗಬಹುದು. ಕಂಪ್ರೆಸರ್ ಪಕ್ಕ ಗಾಳಿಯಾಡಲು ಜಾಗವೂ ಬಿಡಿ. ಕಂಪ್ರೆಸರ್ ಕಡೆಗೆ ನನ್ನನ್ನು ತಿರುಗಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.