ಯಾಬೇಚನ ಪ್ರಾರ್ಥನೆ 30 ದಿನ ಹೇಳಿದರೆ ಆಶೀರ್ವಾದ ಗ್ಯಾರಂಟಿಯೇ?

ಹೊಸ ಓದುಗ:
ಬೈಬಲಿನ 1 ಪೂರ್ವಕಾಲವೃತ್ತಾಂತ 4:10ರಲ್ಲಿ ಯಾಬೇಚ ಎಂಬವನು ಮಾಡಿದ ಪ್ರಾರ್ಥನೆಯನ್ನು (ನನ್ನನ್ನು ಆಶೀರ್ವದಿಸು, ನನ್ನ ಮೇರೆ ವಿಸ್ತರಿಸು, ನಿನ್ನ ಕೈ ನನ್ನ ಜೊತೆಗಿರಲಿ, ಕೇಡು ತಟ್ಟದಂತೆ ಕಾಪಾಡು) 30 ದಿನ ಬೆಳಿಗ್ಗೆ ಎದ್ದ ಕೂಡಲೇ ಹೇಳಬೇಕು, ಯಾಬೇಚನ ಹೆಸರಿರುವಲ್ಲಿ ನಮ್ಮ ಹೆಸರು ಹಾಕಬೇಕು, ಒಂದು ದಿನ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು ಎಂಬ ವಾಟ್ಸಾಪ್ ಸಂದೇಶ ಸುತ್ತುತ್ತಿದೆ. ಮೇರೆ ವಿಸ್ತರಿಸು ಅಂದರೆ ಸೈಟು, ಬಡ್ತಿ, ವೀಸಾ ಅಂತ ವಿವರಣೆ ಬೇರೆ. ಅವನು ಕೇಳಿದ್ದನ್ನು ದೇವರು ಕೊಟ್ಟನು ಅಂತ ವಚನದಲ್ಲೇ ಇದೆಯಲ್ಲ, ಹಾಗಾದರೆ ತಪ್ಪೇನು? ನಮ್ಮ ಜೀವಕೂಟದಲ್ಲಿ (ಸಭೆಯ ಚಿಕ್ಕ ಪ್ರಾರ್ಥನಾ ಗುಂಪಿನಲ್ಲಿ) ಇದನ್ನು ಹೇಗೆ ಓದಿಸಬೇಕು?

ವಂಶಾವಳಿ ಪ್ರಿಯ:
ಬ್ರದರ್, 30 ದಿನದ ಲೆಕ್ಕ ವಚನದಲ್ಲಿಲ್ಲ. ಅದು 2000ರಲ್ಲಿ ಅಮೆರಿಕದಲ್ಲಿ ಬಂದು ಲಕ್ಷಗಟ್ಟಲೆ ಪ್ರತಿ ಖರ್ಚಾದ ಒಂದು ಕಿರುಪುಸ್ತಕದ ಸಲಹೆ. ತಪ್ಪಿದರೆ ಮೊದಲಿನಿಂದ ಎನ್ನುವುದಕ್ಕಂತೂ ವ್ರತದ ನಿಯಮದ ವಾಸನೆ ಹೊಡೆಯುತ್ತಿದೆ.

ಈ ಗ್ರಂಥದ ಮೊದಲ 9 ಅಧ್ಯಾಯ ಹೆಚ್ಚಾಗಿ ವಂಶಾವಳಿ. ಯೆಹೂದ ಕುಲದ ಹೆಸರುಗಳ ನಡುವೆ ಯಾಬೇಚ ತಂದೆಯ ಹೆಸರೂ ಇಲ್ಲದೆ ಬಂದು, ಎರಡೇ ವಚನದಲ್ಲಿ ಮುಗಿದುಹೋಗುತ್ತಾನೆ. ವೇದನೆಪಟ್ಟು ಹೆತ್ತ ತಾಯಿ ಅದನ್ನೇ ನೆನಪಿಸುವ ಹೆಸರಿಟ್ಟಳು. ಕೇಡು ತಟ್ಟಿ ವೇದನೆಯಾಗದಿರಲಿ ಎಂಬ ಕೊನೆಯ ಬೇಡಿಕೆ ಆ ಹೆಸರಿಗೇ ಎದುರು ನಿಂತ ಮಾತು. ಇಡೀ ಪ್ರಾರ್ಥನೆಯ ಭಾರ ಇರುವುದು ಅಲ್ಲಿ, ಸಂದೇಶ ಕಳಿಸುವವರು ದಾಟಿಹೋಗುವುದೂ ಅದನ್ನೇ.

ಮೇರೆ ಅಂದರೆ ನೆಲದ ಗಡಿ. ಗ್ರಂಥದ ಮೊದಲ ಓದುಗರು ಬಾಬೆಲಿನ ಸೆರೆಯಿಂದ ಮರಳಿದ ಯೆಹೂದ್ಯರು. ಪಾರಸಿಯ ಸಾಮ್ರಾಜ್ಯದ ಒಂದು ಪುಟ್ಟ ಪ್ರಾಂತದಲ್ಲಿ ಇದ್ದವರು. ಪಿತೃಗಳ ನೆಲ ಕೈತಪ್ಪಿದ ಜನ ಮೇರೆ ಎಂಬ ಮಾತನ್ನು ಹೇಗೆ ಕೇಳಿಸಿಕೊಂಡಿರಬಹುದು, ಯೋಚಿಸಿ. ಮೂರು ವಚನ ಕೆಳಗೆ ಒತ್ನೀಯೇಲನ ಹೆಸರಿದೆ. ಅವನ ಹೆಂಡತಿ ಅಕ್ಷಾ ತಂದೆ ಕಾಲೇಬನಿಂದ ನೀರಿನ ಬುಗ್ಗೆಗಳನ್ನು ಕೇಳಿ ಪಡೆದದ್ದು ಯೆಹೋಶುವ 15:19ರಲ್ಲಿದೆ. ನೆಲ, ನೀರು ಕೇಳುವುದು ದುರಾಸೆಯಲ್ಲ. ಹಾಗಂತ ಅದನ್ನು ತಂದು ವೀಸಾಕ್ಕೆ ಅಂಟಿಸಲಾಗದು.

ದೇವರು ಕೊಟ್ಟನು ಎಂಬುದು ನಡೆದ ಸಂಗತಿ. ಹೇಳಿದವರಿಗೆಲ್ಲ ಕೊಡುತ್ತೇನೆ ಎಂಬ ವಾಗ್ದಾನವಲ್ಲ. ಮೊರೆಯಿಟ್ಟವರಿಗೆ ದೇವರು ಕಿವಿಗೊಟ್ಟದ್ದನ್ನು ಈ ಗ್ರಂಥಕರ್ತ ಮತ್ತೆ ಮತ್ತೆ ತೋರಿಸುತ್ತಾನೆ: 5:20ರಲ್ಲಿ ಯೊರ್ದನಿನಾಚೆಯ ಕುಲಗಳು, ಎರಡನೆಯ ಭಾಗದ 14:11ರಲ್ಲಿ ಅರಸ ಆಸ, 33:13ರಲ್ಲಿ ಅರಸ ಮನಸ್ಸೆ. ಆ ಕುಲಗಳೂ ಮನಸ್ಸೆಯೂ ಯಾವ ಮಾತುಗಳಲ್ಲಿ ಬೇಡಿದರೆಂದು ಅಲ್ಲಿ ಬರೆದೇ ಇಲ್ಲ. ಫಲ ಪದಗಳಲ್ಲೇ ಇದ್ದಿದ್ದರೆ ಅದನ್ನು ಬಿಡುತ್ತಿದ್ದನೇ?

ಮೌನಪ್ರಾರ್ಥನೆ:
ಮತ್ತೆ ಮತ್ತೆ ಪ್ರಾರ್ಥಿಸುವುದೇ ತಪ್ಪು ಅನ್ನುವ ತನಕ ಹೋಗಬೇಡಿ. ಲೂಕ 18ರ ವಿಧವೆ ನ್ಯಾಯಾಧಿಪತಿಯ ಬಾಗಿಲು ಬಿಡಲಿಲ್ಲ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಮೂರನೆಯ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು, ಮತ್ತಾಯ 26:44. ಮತ್ತಾಯ 6:7 ಬೇಡ ಅನ್ನುವುದು, ಮಾತು ಹೆಚ್ಚಾದರೆ ದೇವರು ಕೇಳಲೇಬೇಕು ಎಂಬ ಎಣಿಕೆಯನ್ನು.

ವಂಶಾವಳಿ ಪ್ರಿಯ:
ಒಪ್ಪಿದೆ. ಯೇಸುಸ್ವಾಮಿ ಮೂರು ಸಲ ಕೇಳಿದರೂ ಆ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ತೊಲಗಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಸಂಡೇಸ್ಕೂಲ್ ಟೀಚರ್:
ಜೀವಕೂಟಕ್ಕೆ ಒಂದು ಗಂಟೆ ಸಾಕು. ಮೊದಲು 4:1ರಿಂದ 23ರವರೆಗೆ ಗಟ್ಟಿಯಾಗಿ ಓದಿಸಿ. ಹೆಸರುಗಳಲ್ಲಿ ನಾಲಿಗೆ ತಡವರಿಸಿದರೂ ಬಿಡಿಸಬೇಡಿ. ಯಾಬೇಚ ಎಲ್ಲಿ ನಿಂತಿದ್ದಾನೆಂದು ತಿಳಿಯುವುದೇ ಹಾಗೆ. ಆಮೇಲೆ ನಾಲ್ಕು ಬೇಡಿಕೆ ಬೋರ್ಡಿನ ಮೇಲೆ: ಆಶೀರ್ವಾದ, ಮೇರೆ, ದೇವರ ಕೈ ಜೊತೆಗಿರುವುದು, ಕೇಡಿನಿಂದ ಕಾಪು. ನಂತರ 1 ಸಮುವೇಲ 4. ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯಾದ ಮಂಜೂಷವನ್ನು ತಾಯತದಂತೆ ರಣರಂಗಕ್ಕೆ ಹೊತ್ತೊಯ್ದರು. ಇಸ್ರಾಯೇಲ್ಯರಲ್ಲಿ 30,000 ಕಾಲಾಳುಗಳು ಬಿದ್ದರು, ಮಂಜೂಷವೂ ಫಿಲಿಷ್ಟಿಯರ ಪಾಲಾಯಿತು. ಕೊನೆಗೆ 2 ಕೊರಿಂಥ 12:8-9: ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಲೆಂದು ಪೌಲ ಮೂರು ಸಲ ಬೇಡಿಕೊಂಡ, ಸಿಕ್ಕಿದ್ದು ಬೇರೆಯೇ ಉತ್ತರ: ನನ್ನ ಕೃಪೆಯೇ ನಿನಗೆ ಸಾಕು.

ಹೆಸರು ಬದಲಿಸುವ ಪದ್ಧತಿ ಬೇಡ. ಪ್ರತಿಯೊಬ್ಬರೂ ತಮ್ಮ ಅಗತ್ಯವನ್ನು ತಮ್ಮದೇ ಒಂದು ವಾಕ್ಯದಲ್ಲಿ ಹೇಳಲಿ. ಸೈಟು ಸಿಕ್ಕವರ ಸಾಕ್ಷಿಯನ್ನಷ್ಟೇ ಹೇಳಿಸಿದರೆ, ಕೆಲಸ ಹೋದವರು, ಮಕ್ಕಳಾಗದವರು 31ನೆಯ ದಿನ ತಮ್ಮ ನಂಬಿಕೆಯೇ ಸಾಲದು ಎಂದುಕೊಳ್ಳುತ್ತಾರೆ. ಅಂಥವರು ಕೂಟದಲ್ಲಿದ್ದರೆ, ಉತ್ತರ ಕಾಣದೆ ಕತ್ತಲಲ್ಲೇ ಮುಗಿಯುವ ಮೊರೆಯಾದ ಕೀರ್ತನೆ 88ನ್ನೂ ಓದಿಸಿ.