ನೀರು ಉಳಿಸಲು ಜನರ ಮನಸ್ಸು ಒಪ್ಪುವುದು ಯಾವುದರಿಂದ? ಅನುಭವ ತಿಳಿಸಿ

ಪ್ರಶ್ನೆ, ಹೊರಮಾವಿನಿಂದ:
ನಮ್ಮ 48 ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಎರಡು ಬೋರ್‌ವೆಲ್‌ಗಳ ಪೈಕಿ ಒಂದು ಬತ್ತಿದೆ. ಟ್ಯಾಂಕರ್ ಖರ್ಚನ್ನು ಚದರಡಿ ಲೆಕ್ಕದಲ್ಲಿ ಹಂಚುತ್ತಿದ್ದೇವೆ. ಮಿತವಾಗಿ ಬಳಸಿರೆಂದರೆ ಯಾರೂ ಕಿವಿಗೊಡುತ್ತಿಲ್ಲ. ನಿಮ್ಮಲ್ಲಿ ಏನು ಫಲಿಸಿತು?

ವೈಟ್‌ಫೀಲ್ಡ್‌ನಿಂದ:
ಮೀಟರ್ ಫಲಿಸಿತು, ಬೇರೇನೂ ಅಲ್ಲ. 2024ರ ಬೇಸಿಗೆಯಲ್ಲಿ ನಾನು ಸಂಘದ ಕಾರ್ಯದರ್ಶಿಯಾಗಿದ್ದೆ. ಪ್ರತಿ ಮನೆಗೂ ಮೂರು ಕಡೆಯಿಂದ ನೀರು ಇಳಿಯುವುದರಿಂದ ಮೂರು ಮೀಟರ್ ಬೇಕಾಗಿ, ಕೂಲಿ ಸೇರಿ ಮನೆಯೊಂದಕ್ಕೆ 11,400 ರೂಪಾಯಿ ಬಿತ್ತು. ಪೈಪುಗಳು ಹಾದುಹೋಗುವ ಇಕ್ಕಟ್ಟಾದ ಡಕ್ಟ್‌ನೊಳಗೆ ಇಳಿಯಲು ಪ್ಲಂಬರ್ ದಿನಕ್ಕೆ 600 ರೂಪಾಯಿ ಹೆಚ್ಚಿಗೆ ಪಡೆದ. ಪೈಪಿನಲ್ಲಿ ಗಾಳಿ ತುಂಬಿ ಮೀಟರ್ ತಾನಾಗಿ ತಿರುಗಿದ್ದರಿಂದ ಬೀಗ ಹಾಕಿದ ಮನೆಗೂ ಬಿಲ್ ಹೋಗಿ, ತುಂಬಿದ ಸಭೆಯಲ್ಲಿ ನನ್ನನ್ನು ಕಳ್ಳನೆಂದರು. ಎರಡು ಮನೆಯವರು ಇಂದಿಗೂ ಹಣ ಕೊಟ್ಟಿಲ್ಲ. ಆದರೂ ಮೊದಲ ಬಿಲ್ ಕೈಸೇರಿದ ತಿಂಗಳೇ ದಿನಕ್ಕೆ ಏಳು ಬರುತ್ತಿದ್ದ ಟ್ಯಾಂಕರ್ ನಾಲ್ಕಕ್ಕೆ ಇಳಿಯಿತು.

ಯಲಹಂಕದಿಂದ:
ನಮ್ಮಲ್ಲಿ ಕೆಡಿಸಿದ್ದೇ ಮೀಟರ್. ಮೊದಲು ನೀರು ಚೆಲ್ಲುವವರಿಗೆ ತುಸುವಾದರೂ ಸಂಕೋಚವಿತ್ತು. ಬಿಲ್ ಬಂದ ಮೇಲೆ "ದುಡ್ಡು ಕೊಡುತ್ತಿದ್ದೇನಲ್ಲ" ಎಂಬ ಮಾತು ಶುರುವಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದರೂ, ಬೆಳಗಿನ ಐದೂವರೆಗೆ ನಮ್ಮ ಬೇಸ್‌ಮೆಂಟಿನಲ್ಲಿ ಪೈಪಿನ ಸದ್ದು ನಿಲ್ಲಲಿಲ್ಲ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುತ್ತಿದ್ದ ನಾನು, ಹಾಗೆ ಕಾರು ತೊಳೆಯುವುದನ್ನು ಕಂಡ ದಿನ ತುಂಬಿದ ಬಕೆಟ್ಟನ್ನು ಮೋರಿಗೆ ಸುರಿದೆ. ಒಂದು ವಾರ ಏನನ್ನೂ ಉಳಿಸಲಿಲ್ಲ. 2018ರಲ್ಲಿ ಕೇಪ್‌ಟೌನ್ ನಗರ ತಲೆಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿದಾಗ, ಮಿತವಾಗಿ ಬಳಸಿದ ಮನೆಗಳಿಗೆ ನಕ್ಷೆಯಲ್ಲಿ ಹಸಿರು ಚುಕ್ಕೆ ಇಟ್ಟು ಎಲ್ಲರಿಗೂ ತೋರಿಸಿತ್ತು. ಅದನ್ನು ಓದಿ, ಕಡಿಮೆ ಬಳಸಿದವರ ಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸಿದೆವು. ಅದರಲ್ಲಿ ಹದಿನೇಳು ಮನೆಗಳನ್ನು ಕಂಡ ಮೇಲೆಯೇ ನಾನು ಮತ್ತೆ ಬಕೆಟ್ ಹಿಡಿದದ್ದು.

ವೈಟ್‌ಫೀಲ್ಡ್‌ನಿಂದ:
ಕೇಪ್‌ಟೌನ್‌ನಲ್ಲಿ ದರವನ್ನೂ ಏರಿಸಿದ್ದರು, ಮಿತಿ ಮೀರಿದ ಮನೆಗಳಿಗೆ ಹರಿವು ತಡೆಯುವ ಸಾಧನವನ್ನೂ ಕೂರಿಸಿದ್ದರು. ಅದನ್ನೇಕೆ ಬಿಟ್ಟಿರಿ? ಪಟ್ಟಿ ಅಂಟಿಸಿದರೆ ನಲ್ಲಿ ತೆರೆದಿಟ್ಟು ಪಾತ್ರೆ ತೊಳೆಯುವ ಕೆಲಸದವರು ಬದಲಾಗುತ್ತಾರೆಯೇ?

ಧಾರವಾಡದಿಂದ:
ಕೆಲಸದವರ ಮೇಲೆ ಹೊರಿಸಬೇಡಿರಿ, ಸರ್. ಅವರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಕೊಡ ಎಣಿಸಿ ಬದುಕುವವರು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ ನಾವು ಡ್ರಮ್ಮು, ಹಂಡೆ, ಕೊಡ, ಕಡೆಗೆ ಚಹಾದ ಪಾತ್ರೆಯನ್ನೂ ಬಿಡದೆ ತುಂಬುತ್ತಿದ್ದೆವು. ಹೊಸ ನೀರು ಬಂದೊಡನೆ ಅತ್ತೆಯವರು ಉಳಿದದ್ದನ್ನೆಲ್ಲ ಹಳೇ ನೀರೆಂದು ಅಂಗಳಕ್ಕೆ ಚೆಲ್ಲುತ್ತಿದ್ದರು. ಇದ್ದದ್ದನ್ನು ಇಟ್ಟುಕೊಂಡು ಪಾತ್ರೆ ಖಾಲಿಯಿಲ್ಲದಾದರೆ ಮುಂದಿನ ವಾರ ಏನು ಗತಿ ಎಂಬ ಹೆದರಿಕೆ ಅವರಿಗೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ನಮ್ಮ ವಾರ್ಡಿಗೆ ಬರಲಿಲ್ಲ, ಅಕ್ಕನ ವಾರ್ಡಿಗೆ ಬಂತು. ಚೆಲ್ಲುವುದನ್ನು ಅವಳು ಆಗ ನಿಲ್ಲಿಸಿದಳು.

ವೈಟ್‌ಫೀಲ್ಡ್‌ನಿಂದ:
ಆ ವಾರ್ಡುಗಳಲ್ಲಿ ಮನೆಮನೆಗೂ ಮೀಟರ್ ಕೂರಿಸಿದ್ದರು ಎಂಬುದನ್ನೂ ಬರೆಯಿರಿ, ಮೇಡಂ.

ಧಾರವಾಡದಿಂದ:
ಕೂರಿಸಿದ್ದರು, ಒಪ್ಪುತ್ತೇನೆ. ಆದರೆ ಮೊದಲ ಬಿಲ್ ಬರುವ ಮುಂಚೆಯೇ ಅಕ್ಕ ಡ್ರಮ್ಮನ್ನು ತೊಳೆದು ಒಣಗಿಸಿ ಜೋಳ ತುಂಬಿಟ್ಟಿದ್ದಳು. ರಾತ್ರಿ ಎರಡಕ್ಕೆದ್ದು ನಳ ತಿರುಗಿಸಿ ನೋಡಿದೆ, ನೀರು ಬಂತು, ಮತ್ತೆ ಮಲಗಿದೆ ಎಂದು ಅವಳೇ ನನಗೆ ಹೇಳಿದ್ದಳು.